ಫೋಟೋ ತೆಗೆಯಲು ಓದಬೇಕೇ?

ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟವರನ್ನು ಲೋಕವೆಲ್ಲ ಕೇಳುವ ಪ್ರಶ್ನೆ ಒಂದೇ: “ಮುಂದೇನು?” ಬಸ್ಸಿನಲ್ಲಿ ಸಿಕ್ಕುವ ದೂರದ ನೆಂಟರಿಂದ ಹಿಡಿದು ಅಳಕೆ ಮಾರುಕಟ್ಟೆಯಲ್ಲಿ ಬಸಳೆ ಮಾರುವ ಅಮ್ಮನವರೆಗೆ ಎಲ್ಲರಿಗೂ ನಮ್ಮ ಭವಿಷ್ಯದ ಚಿಂತೆ. ಈ ವರ್ಷದ ಮೊದಲ ದಿನಗಳಲ್ಲಿ ನಮ್ಮ ಇತಿಹಾಸದ ಅಧ್ಯಾಪಕರೂ ತರಗತಿಯಲ್ಲಿ ಇದನ್ನೇ ಕೇಳಿದರು. ಒಬ್ಬ ಬಿ.ಎಡ್. ಎಂದ, ಇಬ್ಬರು ಬ್ಯಾಂಕ್ ಪರೀಕ್ಷೆ ಎಂದರು, ಕೆ.ಎ.ಎಸ್. ಬರೆಯುವೆನೆಂದ ಧೀರನೂ ಒಬ್ಬನಿದ್ದ. ನನ್ನ ಸರದಿ ಬಂದಾಗ ಎದ್ದು ನಿಂತು, “ಕಮರ್ಶಿಯಲ್ ಫೋಟೋಗ್ರಫಿ ಕಲಿಯಬೇಕೆಂದಿದ್ದೇನೆ, ಸಾರ್” ಎಂದೆ. ಹಿಂದಿನ ಬೆಂಚಿನಿಂದ ಯಾರೋ, “ಮೊಬೈಲ್ ಉಂಟಲ್ಲ ಮಾರಾಯ, ಅದಕ್ಕೆ ಓದಲಿಕ್ಕೆ ಎಂತ ಉಂಟು?” ಎಂದುಬಿಟ್ಟ. ತರಗತಿ ಗೊಳ್ಳೆಂದು ನಕ್ಕಿತು. ಅಧ್ಯಾಪಕರು ಮಾತ್ರ ನಗಲಿಲ್ಲ. “ಪ್ರಶ್ನೆ ಒಳ್ಳೆಯದೇ. ಉತ್ತರ ಬರೆದು ವಾರ್ಷಿಕ ಸಂಚಿಕೆಗೆ ಕೊಡು” ಎಂದರು. ಈ ಬರಹ ಹುಟ್ಟಿದ್ದು ಹೀಗೆ. ಆದಕಾರಣ ಇದರ ತಪ್ಪೊಪ್ಪುಗಳಲ್ಲಿ ಅರ್ಧ ಪಾಲು ಅವರದು.

ಮನೆಯಲ್ಲಿಯೂ ಪ್ರಶ್ನೆ ತಪ್ಪಲಿಲ್ಲ. ನನ್ನ ತಂದೆಯವರು ಬಂದರಿನ ಧಕ್ಕೆಯಲ್ಲಿ ದುಡಿಯುವವರು. ತಾಯಿ ಬೀಡಿ ಕಟ್ಟುತ್ತಾರೆ. ತಂದೆ ಕೇಳಿದ್ದು ಹಿಂದಿನ ಬೆಂಚಿನ ಮಿತ್ರನ ಪ್ರಶ್ನೆಯನ್ನೇ: “ಫೋಟೋ ತೆಗೆಯಲು ಓದಬೇಕಾ?” ತಾಯಿ ಎಲೆ ಕತ್ತರಿಸುತ್ತ, ತಲೆಯೆತ್ತದೆ, “ಅದರಲ್ಲಿ ಊಟ ಉಂಟಾ ಮಗಾ?” ಎಂದು ಕೇಳಿದರು. ಕಲಿಯಲು ಏನಿದೆ, ಕಲಿತರೆ ಊಟ ಸಿಕ್ಕೀತೇ ಎಂಬ ಈ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.

ಕುದ್ರೋಳಿಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಉಂಟು. ಅದರ ಹೆಸರು ಇಲ್ಲಿ ಬೇಡ. ಮಾಲಿಕರನ್ನು ಊರವರೆಲ್ಲ ‘ಅಣ್ಣ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಎರಡು ವರ್ಷಗಳಿಂದ ಕಾಲೇಜು ಬಿಟ್ಟ ಮೇಲೆ ಅಲ್ಲಿ ಕೈಯಾಳಾಗಿದ್ದೇನೆ. ಮೊದಲ ತಿಂಗಳು ನೆಲ ಗುಡಿಸಿದೆ, ಲ್ಯಾಮಿನೇಶನ್ ಮಾಡಿದೆ, ಚಿತ್ರಗಳಿಗೆ ಚೌಕಟ್ಟು ಕೂಡಿಸಿದೆ. ಸ್ಟುಡಿಯೋದ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಇದೆ. ಹಿಂದೆ ಅದು ಡಾರ್ಕ್ ರೂಮ್ ಆಗಿತ್ತು. ಈಗ ಮುರಿದ ಸ್ಟ್ಯಾಂಡುಗಳ ಉಗ್ರಾಣ. ಅಲ್ಲಿಯ ಹಳೆಯ ಟ್ರೇಗಳಲ್ಲಿ ಇಂದಿಗೂ ಹೈಪೋದ ವಾಸನೆ ಇದೆಯೆಂದು ಅಣ್ಣ ಹೇಳುತ್ತಾರೆ. ನನ್ನ ಮೂಗಿಗೆ ಜಿರಲೆಯ ವಾಸನೆ ಮಾತ್ರ ಬಂದಿದೆ. 120ರ ರೋಲಿನಲ್ಲಿ ಹನ್ನೆರಡು ಚಿತ್ರ ತೆಗೆಯುತ್ತಿದ್ದ ಕಾಲದವರು ಅವರು. ಹನ್ನೆರಡರಲ್ಲಿ ಒಂದು ಕೆಟ್ಟರೂ ಕೈಯಿಂದ ಹಣ ಹೋಗುತ್ತಿತ್ತು. ಆದ್ದರಿಂದ ಗುಂಡಿ ಒತ್ತುವ ಮೊದಲು ನೋಡುವ ಅಭ್ಯಾಸ ಅವರಿಗೆ ತಾನಾಗಿ ಬಂತು. ನಾನಾದರೋ ಒಂದು ನಿಮಿಷದಲ್ಲಿ ನಲವತ್ತು ಒತ್ತುತ್ತೇನೆ, ನೋಡುವುದು ಆಮೇಲೆ.

ನನಗೆ ಮೊದಲ ಪಾಠ ಸಿಕ್ಕಿದ್ದು ದಸರೆಯಲ್ಲಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಶ್ರೀ ಗೋಕರ್ಣನಾಥ ದೇವಸ್ಥಾನ ನಮ್ಮ ಕುದ್ರೋಳಿಯಲ್ಲಿದೆ. ನವರಾತ್ರಿಯಲ್ಲಿ ಅಲ್ಲಿ ಶಾರದೆಯನ್ನೂ ನವದುರ್ಗೆಯರನ್ನೂ ಪೂಜಿಸಿ, ಕೊನೆಗೆ ಸ್ತಬ್ಧಚಿತ್ರಗಳು, ಹುಲಿವೇಷ, ವಾದ್ಯಗಳೊಡನೆ ರಾತ್ರಿಯಿಡೀ ಮೆರವಣಿಗೆ ಹೋಗುವುದನ್ನು ಮಂಗಳೂರಿನವರಿಗೆ ಬಣ್ಣಿಸಬೇಕಾಗಿಲ್ಲ. ಒಂದು ಸ್ತಬ್ಧಚಿತ್ರದವರು ತಮ್ಮ ಗಾಡಿಯ ಫೋಟೋ ತೆಗೆಯಲು ಅಣ್ಣನಿಗೆ ಹೇಳಿದ್ದರು. ಅಣ್ಣ ನನ್ನನ್ನು ಕಳುಹಿಸಿದರು. ನಾನು ಮುನ್ನೂರು ಚಿತ್ರಗಳನ್ನು ತಂದೆ. ಅವುಗಳಲ್ಲಿ ಒಂದು ನನಗೆ ಇಂದಿಗೂ ಪ್ರಿಯ: ತಾಸೆ ಬಡಿಯುವವನೊಬ್ಬನ ಮುಖ, ಹಣೆಯ ಬೆವರಿನಲ್ಲಿ ದೀಪದ ಹೊಳಪು. ಮರುದಿನ ಗಾಡಿಯವರು ಬಂದು ಎಲ್ಲವನ್ನೂ ನೋಡಿ, “ಚಂದ ಉಂಟು. ಆದರೆ ನಮ್ಮ ಬೋರ್ಡ್ ಎಲ್ಲಿ?” ಎಂದರು. ಮುನ್ನೂರರಲ್ಲಿ ಒಂದರಲ್ಲಿಯೂ ಅವರ ಸಂಘದ ಹೆಸರಿನ ಹಲಗೆ ಪೂರ್ತಿಯಾಗಿ ಇರಲಿಲ್ಲ. ಊರಿನ ಹತ್ತಾರು ಮನೆಗಳವರು ವಂತಿಗೆ ಕೂಡಿಸಿ ಕಟ್ಟಿದ ಗಾಡಿ ಅದು; ಮುಂದಿನ ವರ್ಷ ವಂತಿಗೆ ಕೇಳಲು ಹೋಗುವಾಗ ತೋರಿಸಲು ಅವರಿಗೆ ಆ ಚಿತ್ರ ಬೇಕಾಗಿತ್ತು. ತಾಸೆಯವನ ಬೆವರು ಅವರಿಗೆ ಯಾಕೆ?

ಆ ರಾತ್ರಿಯ ಇನ್ನೊಂದು ತಪ್ಪು ಲೆಕ್ಕದ್ದು. ಕುಣಿಯುವ ಹುಲಿಯನ್ನು ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಹಿಡಿದರೆ ಹುಲಿ ಮಂಜಾಗಿ ಹೋಗುತ್ತದೆ. ಸುಮಾರು ಇನ್ನೂರೈವತ್ತನೆಯ ಒಂದು ಭಾಗದಲ್ಲಿ ಹಿಡಿದರೆ ಹುಲಿ ನಿಲ್ಲುತ್ತದೆ. ಆದರೆ ಒಳಗೆ ಬರುವ ಬೆಳಕು ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ಕೊರತೆಯನ್ನು ಮಸೂರದ ಕಂಡಿ ಅಗಲಿಸಿಯೋ, ಕ್ಯಾಮೆರಾದ ಗ್ರಹಣಶಕ್ತಿ ಏರಿಸಿಯೋ, ದೀಪ ಸೇರಿಸಿಯೋ ತುಂಬಬೇಕು. ಒಂದೊಂದಕ್ಕೂ ಅದರದೇ ಆದ ನಷ್ಟ ಉಂಟು. ಸ್ಟುಡಿಯೋದೊಳಗಿನ ದೀಪಕ್ಕೂ ಲೆಕ್ಕ ಬಿಟ್ಟದ್ದಲ್ಲ: ಸಣ್ಣ ದೀಪವನ್ನು ಎರಡರಷ್ಟು ದೂರ ಸರಿಸಿದರೆ ಮುಖದ ಮೇಲಿನ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಇದನ್ನೆಲ್ಲ ಮೊಬೈಲು ತಾನೇ ಊಹಿಸಿ ಮಾಡುತ್ತದೆ, ನಿಜ. ಅದರ ಊಹೆ ಹತ್ತರಲ್ಲಿ ಏಳು ಸಲ ಸರಿಯಾದರೂ ಮನೆಯ ಮಟ್ಟಿಗೆ ಸಾಕು. ಹಣ ಕೊಟ್ಟವರಿಗೆ ಹತ್ತೂ ಸರಿಯಾಗಬೇಕು. ಹಾಗಾದರೆ ಕಲಿಯಲು ಏನೋ ಇದೆಯೆಂದು ನಾನು ಒಪ್ಪಿದ್ದು ಆ ದಸರೆಯ ಮರುದಿನ.

ಎರಡನೆಯ ಪಾಠ ಬಂದದ್ದು ಆಟಿ ತಿಂಗಳ ಒಂದು ಮಳೆಯ ಸಂಜೆ. ಅರುವತ್ತು ದಾಟಿದ ಹೆಂಗಸೊಬ್ಬರು ಕೊಡೆ ಮಡಚಿ ಒಳಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಮದುವೆಯ ಗುಂಪು ಚಿತ್ರವನ್ನು ತೆಗೆದರು. ಹಿಂದಿನ ಸಾಲಿನ ತುದಿಯಲ್ಲಿ ಅವರ ಗಂಡ ನಿಂತಿದ್ದರು. ಅವರು ತೀರಿಕೊಂಡು ಒಂದು ವಾರವಾಗಿತ್ತು. ಬೊಜ್ಜಕ್ಕೆ ಹಾರ ಹಾಕಿ ಇಡಲು ದೊಡ್ಡದೊಂದು ಚಿತ್ರವೂ, ಪತ್ರಿಕೆಯ ಶ್ರದ್ಧಾಂಜಲಿಗೆ ಸಣ್ಣದೊಂದು ಚಿತ್ರವೂ ಬೇಕಾಗಿತ್ತು. “ಬೇರೆ ಯಾವುದೂ ಇಲ್ಲ ಮಗಾ. ಅವರಿಗೆ ಫೋಟೋಕ್ಕೆ ನಿಲ್ಲುವುದೆಂದರೆ ಆಗುತ್ತಿರಲಿಲ್ಲ” ಎಂದರು. ಅಣ್ಣ ಊರಲ್ಲಿರಲಿಲ್ಲ. ನಾನು ಹುಮ್ಮಸ್ಸಿನಿಂದ ಒಪ್ಪಿಕೊಂಡೆ.

ಚಿತ್ರದಲ್ಲಿ ಆ ಮುಖ ಒಂದು ಸೆಂಟಿಮೀಟರಿನಷ್ಟಿತ್ತು. ಅದನ್ನು ಇಪ್ಪತ್ತು ಸೆಂಟಿಮೀಟರಿಗೆ ಹಿಗ್ಗಿಸಬೇಕಾದರೆ ಒಂದೊಂದು ಚುಕ್ಕಿಯೂ ಉದ್ದಕ್ಕೆ ಇಪ್ಪತ್ತು, ಅಗಲಕ್ಕೆ ಇಪ್ಪತ್ತು, ಒಟ್ಟು ನಾನೂರು ಪಾಲು ಜಾಗದಲ್ಲಿ ಹರಡಬೇಕು. ಇಲ್ಲದ ವಿವರ ಎಲ್ಲಿಂದ ಬರಬೇಕು? ಇಂದಿನ ಕಂಪ್ಯೂಟರಿಗೆ ಅದೊಂದು ತೊಂದರೆಯೇ ಅಲ್ಲ; ಇಲ್ಲದ್ದನ್ನು ಅದು ಊಹಿಸಿ ತುಂಬುತ್ತದೆ. ನಾನು ಮುಖವನ್ನು ನುಣುಪು ಮಾಡಿದೆ, ಬಣ್ಣ ತುಸು ಬಿಳಿಮಾಡಿದೆ, ಎಡ ಕೆನ್ನೆಯ ಮೇಲಿದ್ದ ಒಂದು ಕಪ್ಪು ಕಲೆಯನ್ನು ಅಳಿಸಿದೆ, ಗುಂಡಿ ಬಿಚ್ಚಿದ್ದ ಅಂಗಿಯ ಬದಲು ಕೋಟು ತೊಡಿಸಿದೆ. ಹಿಂದೆ ನೀಲಿ ಆಕಾಶ. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡು ಚೌಕಟ್ಟು ಹಾಕಿಟ್ಟೆ.

ಮರುದಿನ ಆ ಅಮ್ಮ ಬಂದರು. ಅಷ್ಟರಲ್ಲಿ ಅಣ್ಣನೂ ಬಂದಿದ್ದರು. ಅಮ್ಮ ಚಿತ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಗಾಜಿನ ಮೇಲೆ ಧೂಳು ಇದೆಯೆಂದು ಬಗೆದು ಸೆರಗಿನಿಂದ ಒರೆಸಿದರು. ಮತ್ತೆ ನೋಡಿದರು. ಕೊನೆಗೆ ತುಳುವಿನಲ್ಲಿ, “ಉಂದು ಆರ್ ಅತ್ತ್” ಎಂದರು. ಇದು ಅವರಲ್ಲ.

ನಾನು ಸಮರ್ಥನೆಗೆ ಹೊರಟೆ. ಅಣ್ಣ ಕೈಸನ್ನೆಯಿಂದ ತಡೆದು, ಅವರನ್ನು ಕುಳ್ಳಿರಿಸಿ, ನೀರು ಕೊಟ್ಟು, ಒಂದೊಂದಾಗಿ ಕೇಳತೊಡಗಿದರು: “ಬೈತಲೆ ಯಾವ ಬದಿಗೆ ತೆಗೆಯುತ್ತಿದ್ದರು ಅಮ್ಮ? ಕನ್ನಡಕ ಇತ್ತಾ?” ಕೆನ್ನೆಯ ಕಲೆಯ ಮಾತು ಆಗ ಹೊರಬಂತು. ಅವರು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮದುವೆಯಾದ ವರ್ಷವೇ ಭಟ್ಟಿಯ ಕಿಡಿ ಸಿಡಿದು ಆದ ಗಾಯದ ಗುರುತು ಅದು. ನಲವತ್ತು ವರ್ಷ ಆ ಅಮ್ಮ ಗಂಡನ ಮುಖವೆಂದು ನೋಡಿದ್ದು ಕಲೆಯಿರುವ ಮುಖವನ್ನೇ. ನಾನು ಅದನ್ನು ಅರ್ಧ ನಿಮಿಷದಲ್ಲಿ ಒರೆಸಿ ಹಾಕಿದ್ದೆ.

ಅಣ್ಣ ಆ ಸಂಜೆ ಹಳೆಯ ಚಿತ್ರವನ್ನು ಮತ್ತೆ ಸ್ಕ್ಯಾನ್ ಮಾಡಿದರು. ಬೂಷ್ಟಿನ ಚುಕ್ಕೆಗಳನ್ನೂ ಗೀರುಗಳನ್ನೂ ತೆಗೆದರು, ಮುಖವನ್ನು ಮುಟ್ಟಲಿಲ್ಲ. ಬೇಡಿದಷ್ಟು ದೊಡ್ಡದು ಮಾಡಲೂ ಇಲ್ಲ. ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡ ಚಿತ್ರ, ಸುತ್ತ ಅಗಲವಾದ ಬಿಳಿ ಅಂಚು, ಮೊದಲಿನಷ್ಟೇ ದೊಡ್ಡ ಚೌಕಟ್ಟು. ಮುಖ ತುಸು ಮಸುಕಾಗಿಯೇ ಇತ್ತು. “ಸಣ್ಣದಾದರೂ ಆಗಲಿ, ಅವರೇ ಇರಲಿ” ಎಂದರು. ಅಮ್ಮ ನೋಡಿದರು, ಗಾಜಿನ ಮೇಲೆ ಕಲೆಯಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿದರು. ಏನೂ ಹೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿದರು.

ಅಣ್ಣ ಹಣವನ್ನು ಬೇಡವೆನ್ನುವರೆಂದು ನಾನು ಎಣಿಸಿದ್ದೆ. ಅವರು ಪೂರ್ತಿ ತೆಗೆದುಕೊಂಡರು. ಕೆಟ್ಟ ಪ್ರತಿಗೆ ಬಿಡಿಗಾಸೂ ಹಾಕಲಿಲ್ಲ, ಒಳ್ಳೆಯದಕ್ಕೆ ಒಂದು ರೂಪಾಯಿಯೂ ಬಿಡಲಿಲ್ಲ. ಅಮ್ಮ ಹೋದ ಮೇಲೆ ನಾನು ಮುಖ ಸಣ್ಣ ಮಾಡಿಕೊಂಡಿದ್ದುದನ್ನು ಕಂಡು, “ನೋಡು, ನಾನು ಧರ್ಮಕ್ಕೆ ಮಾಡಿಕೊಟ್ಟಿದ್ದರೆ ‘ಇದು ಅವರಲ್ಲ’ ಎಂದು ಅವರು ಹೇಳುತ್ತಿದ್ದರಾ? ದಾಕ್ಷಿಣ್ಯಕ್ಕೆ ಸಿಕ್ಕಿ ಒಯ್ದು ಗೋಡೆಗೆ ಹಾಕಿಕೊಳ್ಳುತ್ತಿದ್ದರು. ದುಡ್ಡು ಕೊಡುವವರಿಗೆ ಬೇಡ ಎನ್ನುವ ಹಕ್ಕು ಉಂಟು” ಎಂದರು. ಸ್ವಲ್ಪ ತಡೆದು, “ನಾನೂ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ತಿದ್ದಿದವನೇ. ಮೊಡವೆ ತೆಗಿ, ಅದು ನಾಳೆ ತಾನಾಗಿ ಹೋಗುವಂಥದು. ಕಲೆ ತೆಗೆಯುವ ಮೊದಲು ಕೇಳು” ಎಂದರು.

‘ಕಮರ್ಶಿಯಲ್’ ಎಂಬ ಮಾತನ್ನು ನಾವು ಕಲೆಯ ಮಕ್ಕಳು ತುಸು ಮೂಗು ಮುರಿದೇ ಉಚ್ಚರಿಸುತ್ತೇವೆ. ಹಣಕ್ಕಾಗಿ ಮಾಡಿದ್ದು ಕೀಳು, ತನ್ನ ಸಂತೋಷಕ್ಕೆ ಮಾಡಿದ್ದು ಮೇಲು ಎಂಬ ಭಾವನೆ. ಆ ಸಂಜೆಯಿಂದ ನನಗೆ ಹಾಗೆ ತೋರುವುದಿಲ್ಲ. ವಾಣಿಜ್ಯ ಛಾಯಾಗ್ರಹಣವೆಂದರೆ ಇನ್ನೊಬ್ಬರಿಗೆ ಸೇರಿದ ಚಿತ್ರವನ್ನು ತೆಗೆಯುವ ವಿದ್ಯೆ. ನಮ್ಮ ದೇಶದ ಕಾಯಿದೆಯೂ ಇದನ್ನೇ ಹೇಳುತ್ತದೆ: 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು, ತೆಗೆದವನಲ್ಲ. ಈ ಸಾಲು ಕಣ್ಣಿಗೆ ಬಿದ್ದಾಗ ನನಗೆ ಸಂಘದ ಹಲಗೆಯೂ ನೆನಪಾಯಿತು, ಕೆನ್ನೆಯ ಕಲೆಯೂ ನೆನಪಾಯಿತು.

ಇನ್ನು ತಾಯಿಯ ಪ್ರಶ್ನೆ. ಅದರಲ್ಲಿ ಊಟ ಉಂಟೇ? ಸತ್ಯ ಹೇಳಬೇಕು: ಹಿಂದಿನ ಊಟ ಈಗ ಇಲ್ಲ. ಪಾಸ್‌ಪೋರ್ಟಿನ ಚಿತ್ರವನ್ನು ಪಾಸ್‌ಪೋರ್ಟ್ ಕೇಂದ್ರದಲ್ಲಿಯೇ ತೆಗೆಯುತ್ತಾರೆ. ಆಧಾರಿನ ಚಿತ್ರವನ್ನು ಆಧಾರ್ ಕೇಂದ್ರದಲ್ಲಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ಬರುತ್ತಿದ್ದ ‘ಇಂದು’ ಫಿಲ್ಮು ಈಗ ಇಲ್ಲ. ಜಗತ್ತಿಗೆಲ್ಲ ಫಿಲ್ಮು ಮಾರಿದ ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ವಿಚಿತ್ರವೆಂದರೆ ಮೊದಲ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಕಟ್ಟಿದವರು ಅದೇ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಹತ್ತು ಸಾವಿರ ಚುಕ್ಕಿಗಳ ಒಂದು ಚಿತ್ರವನ್ನು ಟೇಪಿನಲ್ಲಿ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗಿತ್ತು. ಯಂತ್ರವನ್ನೇ ನೆಚ್ಚಿ ಕುಳಿತವರಿಗೆ ಯಂತ್ರ ಬದಲಾದಾಗ ನೆಲೆಯಿಲ್ಲ.

ಆದರೆ ಹೊಸ ಊಟವೂ ಉಂಟು. ಮದುವೆ, ಗೃಹಪ್ರವೇಶಗಳು ಇದ್ದೇ ಇವೆ. ಅಂಗಡಿಯ ಸರಕೆಲ್ಲ ಈಗ ಮೊದಲು ಚಿತ್ರವಾಗಿ ಗಿರಾಕಿಯ ಕೈ ಸೇರುತ್ತದೆ, ಆಮೇಲೆ ವಸ್ತುವಾಗಿ. ನಮ್ಮ ಊರಿನ ಗೇರುಬೀಜ, ಹಂಚು, ಚಿನ್ನದ ಒಡವೆ, ಐಸ್‌ಕ್ರೀಮು ಯಾವುದನ್ನೇ ತೆಗೆದುಕೊಳ್ಳಿ, ಒಂದೊಂದಕ್ಕೂ ಬೇರೆ ಬೆಳಕು ಬೇಕು. ಚಿನ್ನ ಕನ್ನಡಿಯಿದ್ದಂತೆ, ಎದುರಿಗೆ ನಿಂತ ಛಾಯಾಗ್ರಾಹಕನ ಅಂಗಿಯನ್ನೂ ತೋರಿಸುತ್ತದೆ. ಅದಕ್ಕೆ ಸುತ್ತಲೂ ಬಿಳಿ ಬಟ್ಟೆಯ ಗುಡಾರ ಕಟ್ಟಿ, ಬೆಳಕನ್ನು ಬಟ್ಟೆಯ ಹೊರಗಿನಿಂದ ಬಿಡಬೇಕು. ಹಂಚಿನ ಒರಟು ಮೈ ಕಾಣಬೇಕಾದರೆ ಬೆಳಕು ಎದುರಿನಿಂದ ಬರಬಾರದು, ಬದಿಯಿಂದ ಸವರಿಕೊಂಡು ಹೋಗಬೇಕು. ಇವಲ್ಲದೆ ಪತ್ರಿಕೆಗಳು, ಸರ್ಕಾರದ ವಾರ್ತಾ ಇಲಾಖೆ, ಪುರಾತತ್ವ ಇಲಾಖೆ, ಅಪರಾಧ ಪತ್ತೆಯ ಪ್ರಯೋಗಾಲಯಗಳಲ್ಲಿಯೂ ಛಾಯಾಗ್ರಾಹಕರಿಗೆ ಕೆಲಸವಿದೆ. ಅಪರಾಧದ ಚಿತ್ರದಲ್ಲಿ ವಸ್ತುವಿನ ಪಕ್ಕಕ್ಕೆ ಅಳತೆಪಟ್ಟಿ ಇಟ್ಟು, ಕ್ಯಾಮೆರಾವನ್ನು ನೇರವಾಗಿ ಹಿಡಿಯಬೇಕು. ಅಲ್ಲಿ ಅಂದಕ್ಕಿಂತ ಅಳತೆ ಮುಖ್ಯ. ಶಾಸನವನ್ನೂ ಶಿಲ್ಪವನ್ನೂ ಓದಲು ಬಲ್ಲ ಇತಿಹಾಸದ ವಿದ್ಯಾರ್ಥಿ ಪುರಾತತ್ವದ ಚಿತ್ರ ತೆಗೆದರೆ ಹೇಗಿದ್ದೀತು ಎಂದು ನಾನು ಆಗಾಗ ಯೋಚಿಸುವುದುಂಟು.

ಕಲಿಯುವುದೆಲ್ಲಿ ಎಂದು ಕೇಳುವವರಿಗಾಗಿ ಇಷ್ಟು: ಐ.ಟಿ.ಐ. ತರಬೇತಿಗಳ ಪಟ್ಟಿಯಲ್ಲಿ ‘ಡಿಜಿಟಲ್ ಫೋಟೋಗ್ರಾಫರ್’ ಎಂಬ ಒಂದು ವರ್ಷದ ವೃತ್ತಿ ಇದೆ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ, ಅಂದರೆ ‘ಕಾವಾ’ದಲ್ಲಿ, ಛಾಯಾಚಿತ್ರ ಮತ್ತು ಪತ್ರಿಕಾ ಛಾಯಾಚಿತ್ರದ ಪದವಿ ವ್ಯಾಸಂಗ ಇದೆ. ಪದವಿ ಮುಗಿಸಿದವರಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಗಾಂಧಿನಗರದ ಆವರಣದಲ್ಲಿ ಛಾಯಾಚಿತ್ರ ವಿನ್ಯಾಸದ ಸ್ನಾತಕೋತ್ತರ ವ್ಯಾಸಂಗ. ಸಿನಿಮಾದ ಕಡೆ ಒಲವಿದ್ದವರಿಗೆ ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಸಂಸ್ಥೆ. ಇವು ಯಾವುದೂ ಸುಲಭವಲ್ಲ, ಎಲ್ಲರಿಗೂ ದಕ್ಕುವುದೂ ಇಲ್ಲ. ಸ್ಟುಡಿಯೋದಲ್ಲಿ ನೆಲ ಗುಡಿಸುವುದಕ್ಕೆ ಮಾತ್ರ ಪ್ರವೇಶ ಪರೀಕ್ಷೆ ಇಲ್ಲ.

ಶಾಲೆಯಲ್ಲಿ ಕಲಿಯಬೇಕೋ ಬದುಕಿನಲ್ಲಿ ಕಲಿಯಬೇಕೋ ಎಂಬ ವಾದಕ್ಕೆ ನಮ್ಮ ನಾಡಿನ ಇಬ್ಬರು ಹಿರಿಯರು ಎರಡು ಉತ್ತರ ಕೊಟ್ಟಿದ್ದಾರೆ. ಇಬ್ಬರೂ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಚಲನಚಿತ್ರ ಛಾಯಾಗ್ರಹಣವನ್ನು ಕ್ರಮವಾಗಿ ಓದಿ ಮುಂಬಯಿಗೆ ಹೋದರು. 1959ರ ‘ಕಾಗಜ್ ಕೇ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ತಂದದ್ದು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಟಿ.ಎಸ್. ಸತ್ಯನ್ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಮ್ಮಂತೆ ಓದಿ, ಪತ್ರಿಕೆಗಳಿಗೆ ಚಿತ್ರ ತೆಗೆಯುತ್ತ ಬೆಳೆದರು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳು ಅವರಿಂದ ಕೆಲಸ ಮಾಡಿಸಿಕೊಂಡವು. 1977ರಲ್ಲಿ ಪದ್ಮಶ್ರೀ ಬಂತು. ಕನ್ನಡದಲ್ಲಿ ತಮ್ಮ ಅನುಭವಗಳನ್ನು ‘ಕಾಲಕ್ಕೆ ಕನ್ನಡಿ’ ಎಂಬ ಪುಸ್ತಕವಾಗಿ ಬರೆದರು. ನಮ್ಮ ಸಹಪಾಠಿ ಸೋದರಿಯರು ಇದು ಗಂಡಸರ ಕಸುಬೆಂದು ಬಗೆಯಬೇಕಾಗಿಲ್ಲ: ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ 1913ರಲ್ಲಿಯೇ ಹುಟ್ಟಿದವರು, 2011ರಲ್ಲಿ ಪದ್ಮವಿಭೂಷಣ ಪಡೆದವರು. ಇವರೆಲ್ಲ ಇನ್ನೊಬ್ಬರು ಹೇಳಿದ ಕೆಲಸವನ್ನೇ ಮಾಡಿದರು, ಮಾಡಿದ್ದರಿಂದ ಸಣ್ಣವರಾಗಲಿಲ್ಲ.

ಈ ಬರಹದ ಕರಡನ್ನು ಮೊನ್ನೆ ರಾತ್ರಿ ಮನೆಯಲ್ಲಿ ಓದಿದೆ. ತಾಯಿ ಆ ಅಮ್ಮನ ಕತೆ ಬಂದಾಗ ಎಲೆ ಕತ್ತರಿಸುವುದನ್ನು ನಿಲ್ಲಿಸಿದರು. ತಂದೆ ಏನೂ ಹೇಳದೆ ಮಲಗಿದರು. ಆದಿತ್ಯವಾರ ಬೆಳಿಗ್ಗೆ ನಾನು ಸ್ಟುಡಿಯೋದಲ್ಲಿ ದೀಪ ಒರೆಸುತ್ತಿದ್ದಾಗ, ಒಗೆದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ನನ್ನ ತಂದೆ! “ನನ್ನದೊಂದು ತೆಗೆ. ಎಷ್ಟು?” ಎಂದರು. ಅಣ್ಣ ಒಳಗಿನಿಂದಲೇ ದರ ಹೇಳಿದರು. ತಂದೆ ಹಣವನ್ನು ಮೇಜಿನ ಮೇಲಿಟ್ಟರು. ನಾನು ತೆಗೆದು ಪೆಟ್ಟಿಗೆಗೆ ಹಾಕಿದೆ. ಕುಳ್ಳಿರಿಸಿ, ಬೆಳಕು ಹೊಂದಿಸಿ, ಒಂದು ಚಿತ್ರ ತೆಗೆದು ತೋರಿಸಿದೆ. ತಂದೆ ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

“ಇದು ಸರಿಯಾಗಲಿಲ್ಲ” ಎಂದರು. “ಇನ್ನೊಂದು ತೆಗೆ.”

ನಾನು ದೀಪವನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿ, ಇನ್ನೊಂದು ತೆಗೆದೆ.